ನಮ್ಮತ್ತೆ ನೊಗ ಹೊತ್ತ ಸೋಮವಾರ

ನಮ್ಮತ್ತೆಯ ಬಲಗೈ ತೋರುಬೆರಳಿನ ತುದಿಗೆ ಅಡ್ಡಲಾಗಿ ಒಂದು ಗೀರು ಇತ್ತು. ಕುಡುಗೋಲು ತಾಗಿ ಆದದ್ದಲ್ಲ. ನಲವತ್ತು ವರ್ಷ ರಾಟೆಯ ಮುಂದೆ ಕುಳಿತು ಲಾಳಿಯ ಕಂಡಿಕೆಗೆ ನೂಲು ಸುತ್ತಿ ಸುತ್ತಿ, ಆ ನೂಲೇ ಕೊರೆದು ಮಾಡಿದ ಗೀರು. ಒಂದು ಎಳೆಯನ್ನು ಅದರೊಳಗೆ ಇಟ್ಟರೆ ಅಲ್ಲಾಡದೆ ಕೂರುತ್ತಿತ್ತು. ಆ ಬೆರಳನ್ನು ಎತ್ತಿ "ಕೇಳಿಲ್ಲಿ" ಅಂದರೆ ಮುಗಿಯಿತು, ಎರಡೂ ಮಗ್ಗದ ಸದ್ದು ನಿಲ್ಲುತ್ತಿತ್ತು, ನನ್ನ ಗಂಡ ಬಾಯಲ್ಲಿದ್ದ ಎಲೆಅಡಿಕೆ ಅಗಿಯುವುದನ್ನೂ ನಿಲ್ಲಿಸುತ್ತಿದ್ದರು. ಆಕೆ ನೋಡಿದರೆ ನನ್ನ ಭುಜದಷ್ಟು ಎತ್ತರ. ಆ ಎತ್ತರದಿಂದಲೇ ಇಡೀ ಮನೆಯನ್ನು ಆಳಿದರು.

ನಾನು ಹದಿನಾಲ್ಕಕ್ಕೆ ಆ ಮನೆಗೆ ಸೊಸೆಯಾಗಿ ಬಂದವಳು. ರಾಮಗಿರಿ ಸ್ಟೇಷನ್ನಿಗೆ ಒಂದು ಹರದಾರಿ ದೂರದ ಹಳ್ಳಿ. ಎರಡು ಮಗ್ಗ, ಒಂದು ಜೋಡಿ ಎತ್ತು, ಎರಡೆಕರೆ ಜೋಳದ ಹೊಲ. ಹೊಳಲ್ಕೆರೆ ಕಡೆ ನಮ್ಮಪ್ಪ ಕೂಲಿಮಠ ನಡೆಸುತ್ತಿದ್ದರಿಂದ ನನಗೆ ಓದು ಬರಹ ಬರುತ್ತಿತ್ತು. ಓದಿದ ಸೊಸೆ ಬಂದಳಂತೆ, ಇನ್ನು ಅತ್ತೆಗೆ ಎದುರು ಉತ್ತರ ಕೊಡುತ್ತಾಳೆ ನೋಡಿ ಎಂದು ಓಣಿಯವರೆಲ್ಲ ಕಾದು ಕುಳಿತಿದ್ದರು. ಅತ್ತೆ ಮಾತ್ರ, "ಒಳ್ಳೇದೇ ಆತು ಬಿಡು. ಇನ್ಮ್ಯಾಲೆ ಕಾಗದ ಬಂದ್ರೆ ಶಾನುಭೋಗರ ಬಾಗ್ಲು ಕಾಯಾದು ತಪ್ತು" ಎಂದರು. ಎದುರುತ್ತರ ಕೊಡುವ ಧೈರ್ಯ ನನಗೆ ಕೊನೆಯವರೆಗೂ ಬರಲಿಲ್ಲ, ಅದು ಬೇರೆ ವಿಷಯ.

ಆಕೆಯ ಹಟ ಎಂಥದ್ದು ಎಂದು ನನಗೆ ಗೊತ್ತಾದದ್ದು ಒಂದು ಬೆಳಿಗ್ಗೆ. ನೇಕಾರರ ಮನೆಯಲ್ಲಿ ಹಾಸುನೂಲಿಗೆ, ಅಂದರೆ ಮಗ್ಗಕ್ಕೆ ಏರಿಸುವ ಉದ್ದೆಳೆಗಳಿಗೆ, ಗಂಜಿ ಹಾಕುವುದು ಬೀದಿಯಲ್ಲೇ. ಕಂಬದಿಂದ ಕಂಬಕ್ಕೆ ನೂಲನ್ನು ಬಿಗಿದು ಕಟ್ಟಿ, ಗಂಜಿ ಸವರಿ, ಕುಂಚದಿಂದ ತೀಡುತ್ತಾ ಹೋಗಬೇಕು. ಅರ್ಧದಲ್ಲಿ ಬಿಚ್ಚಿದರೆ ಎಳೆ ಎಳೆ ಅಂಟಿಕೊಂಡು ಅಷ್ಟೂ ನೂಲು ಹಾಳು. ಅವತ್ತು ನಮ್ಮ ಗಂಜಿ ಇನ್ನೂ ಹಸಿ ಇರುವಾಗಲೇ ಅಮಲ್ದಾರರ ಗಾಡಿ ಆ ಬೀದಿಗೆ ಬಂತು. ಜವಾನ ಮುಂದೆ ಓಡಿ ಬಂದು, ಬಿಚ್ಚಿ ಬಿಚ್ಚಿ ಎಂದು ಕೂಗಾಡಿದ. ಗಂಡಸರು ಆಗಲೇ ಗಂಟಿಗೆ ಕೈ ಹಾಕಿದ್ದರು. ಅತ್ತೆ ಗಂಜಿ ಮಡಕೆಯನ್ನು ಸೊಂಟಕ್ಕೆ ಇಟ್ಟುಕೊಂಡು ಬೀದಿ ನಡುವೆ ನಿಂತರು. "ಸಾಹೇಬ್ರು ಕಾಯಬೋದು, ಗಂಜಿ ಕಾಯಂಗಿಲ್ಲ. ಆ ಕಡೆ ಕೆರೆ ದಾರಿ ಐತೆ, ಸುತ್ತಿ ಹೋಗ್ರಿ." ಅಮಲ್ದಾರರು ಗಾಡಿಯೊಳಗಿಂದ ತಲೆ ಹೊರಗೆ ಹಾಕಿ, ಈ ಮೋಟು ಹೆಂಗಸನ್ನು ಮೇಲಿಂದ ಕೆಳಗೆ ನೋಡಿ, ಏನನ್ನಿಸಿತೋ, ಕೆರೆ ದಾರಿ ಹಿಡಿದರು. ಮಾವನವರು ಮೂರು ದಿನ ಹೆಂಡತಿಯ ಜೊತೆ ಮಾತಾಡಲಿಲ್ಲ. ಆಕೆ ಅದನ್ನು ಗಮನಿಸಿದಂತೆಯೂ ಕಾಣಲಿಲ್ಲ.

ಮಾವನವರ ಮಾತು ಬಂತಲ್ಲ, ಅವರನ್ನೂ ಹೇಳಿಬಿಡುತ್ತೇನೆ. ಆಜಾನುಬಾಹು. ಮಾನ ಮರ್ಯಾದೆ ಎಂದರೆ ಪ್ರಾಣ. ಕಣ್ಣಿಗೆ ಪೊರೆ ಬರತೊಡಗಿ ದೂರದ್ದೆಲ್ಲ ಮಂಜಾಗಿತ್ತು, ಆದರೆ ಗಂಜಿ ಹಿಡಿದಿದೆಯೋ ಇಲ್ಲವೋ ನೋಡಲು ಅವರಿಗೆ ಕಣ್ಣು ಬೇಕಿರಲಿಲ್ಲ. ಹೆಬ್ಬೆರಳ ಉಗುರಿನಿಂದ ಒಂದು ಸಲ ಮೀಟಿ ಕಿವಿಗೊಡುತ್ತಿದ್ದರು. ಮೆತ್ತಗೆ ಸದ್ದಾದರೆ ಹಸಿ, ಟಣ್ ಎಂದರೆ ಒಣಗಿದೆ. ಸುತ್ತಲಿನ ಹಳ್ಳಿಗಳ ನೇಕಾರರು ತಕರಾರು ಬಂದರೆ ಇವರನ್ನೇ ಕರೆಯುತ್ತಿದ್ದರು. ಇವರ ಉಗುರು ಹೇಳಿದ್ದೇ ಕೊನೆ.

ಇಂಥ ಮನೆಯಲ್ಲಿ ಇಬ್ಬರು ಗಂಡುಮಕ್ಕಳು. ದೊಡ್ಡವರು ನಮ್ಮ ಮನೆಯವರು, ಮಗ್ಗ ಬಿಟ್ಟರೆ ಬೇರೇನೂ ಅರಿಯದ ಸಾಧು. ಚಿಕ್ಕವನು ನನ್ನ ಮೈದುನ. ಮನೆಯವರೆಲ್ಲ ಅವನನ್ನು ಸಣ್ಣೋನು ಎಂದೇ ಕರೆಯುತ್ತಿದ್ದದ್ದು. ಅವನಿಗೆ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂರುವುದೆಂದರೆ ಜೈಲು. ಕುದುರೆ ಎಂದರೆ ಜೀವ. ಒಂದು ದಿನ ದುರ್ಗಕ್ಕೆ ಹೋದವನು ಅಲ್ಲಿಂದ ಮೈಸೂರಿಗೆ ಹೋಗಿ, ಮಹಾರಾಜರ ಕುದುರೆ ಪಡೆಯಲ್ಲಿ ಲಾಯದ ಕೆಲಸಕ್ಕೆ ಸೇರಿಬಿಟ್ಟ. ಮಹಾಯುದ್ಧ ಶುರುವಾದ ಮೇಲೆ ಕುದುರೆಗಳ ಜೊತೆ ಹಡಗು ಹತ್ತಿ ಸಮುದ್ರದಾಚೆಗೆ ಹೋದ. ಅಲ್ಲಿಂದ ನಮಗೆ ಬಂದದ್ದು ಎರಡೇ ಕಾಗದ. ಮೊದಲನೆಯದರಲ್ಲಿ ಮರಳು, ಬಿಸಿಲು, ಕುದುರೆಗಳ ಕ್ಷೇಮ. ಎರಡನೆಯದೇ ನಮ್ಮ ಮನೆಯನ್ನು ಕೆಡಿಸಿದ್ದು.

ಅಂಗಳದಲ್ಲಿ ಎಲ್ಲರೂ ಕೂತಿದ್ದರು, ಓಣಿಯ ಏಳೆಂಟು ಜನ ಬೇರೆ. ನಾನು ಗಟ್ಟಿಯಾಗಿ ಓದುತ್ತಿದ್ದೆ. "ಅವ್ವಾ, ಇಲ್ಲಿ ಆಕಾಶದಲ್ಲಿ ಹಾರುವ ಬಂಡಿ ಇದೆ. ಅದರಲ್ಲಿ ಮನುಷ್ಯರು ಕೂತು ಹೋಗುತ್ತಾರೆ. ಕಬ್ಬಿಣದ್ದಲ್ಲ. ಮರದ ಚೌಕಟ್ಟಿಗೆ ಬಟ್ಟೆ ಬಿಗಿದು, ನಾವು ಹಾಸುನೂಲಿಗೆ ಹಾಕುವ ಹಾಗೆ ಗಂಜಿ ಹಾಕಿದ್ದಾರೆ." ಅಷ್ಟು ಓದುವಷ್ಟರಲ್ಲಿ ಯಾರೋ, "ಅಬ್ಬಬ್ಬಾ! ಬಟ್ಟೆ ಹಾರ್ತತಂತೆ! ಹಂಗಾದ್ರೆ ನಮ್ಮ ಪಂಚೆ ಬಿಗಿಯಾಗಿ ಹಿಡ್ಕಳ್ರಪ್ಪ!" ಎಂದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಕಾಗದ ಓದುತ್ತಿದ್ದವಳು ನಾನು, ಮುಂದಿನ ಸಾಲು ಓದುವುದು ಬಿಟ್ಟು ಸೆರಗು ಬಾಯಿಗಿಟ್ಟು ನಕ್ಕೆ. ಅತ್ತೆ ನನ್ನನ್ನೇ ನೋಡುತ್ತಿದ್ದರು. ಬೆರಳೆತ್ತಲಿಲ್ಲ.

ಸಂಜೆ ಊರಬಾಗಿಲ ಕಟ್ಟೆಯ ಮೇಲೆ ಮಾವನವರನ್ನು ಜನ ಸುತ್ತುಗಟ್ಟಿ ಗೇಲಿ ಮಾಡಿದರಂತೆ. ಅವರಿಗೆ ತಡೆಯಲಾಗಲಿಲ್ಲ. "ನನ್ನ ಮಗ ಸುಳ್ಳು ಬರ್ದಾನೆ. ಸುಳ್ಳು ಬರೆಯೋನು ನನ್ನ ಮಗ ಅಲ್ಲ" ಎಂದು ಎಲ್ಲರ ಮುಂದೆ ಅಂದು ಎದ್ದು ಬಂದರು. ಬಂದವರೇ ನನ್ನನ್ನು ಕರೆದು ಕಾಗದ ಬರೆಸಿದರು. "ಊರಾಗೆ ನನ್ನ ಮಾನ ಕಳೀಬ್ಯಾಡ. ಇಂಥ ಸುಳ್ಳು ಬರೆಯಾದಾದ್ರೆ ಕಾಗದಾನೇ ಬರೀಬ್ಯಾಡ." ಅವರು ಹೇಳಿದರು, ನಾನು ಬರೆದೆ. ಆ ಅಕ್ಷರ ಬರೆದದ್ದು ಈ ಕೈ. ಅದು ಅವನಿಗೆ ತಲುಪಿತೋ ಇಲ್ಲವೋ ದೇವರಿಗೇ ಗೊತ್ತು. ನಾಲ್ಕು ತಿಂಗಳ ಮೇಲೆ ತಾಲೂಕು ಕಚೇರಿಯಿಂದ ಒಂದು ಹಾಳೆ ಬಂತು. ಗುಂಡು ತಾಗಿ ಅಲ್ಲವಂತೆ, ಜ್ವರ ಬಂದು ಹೋದನಂತೆ.

ಮಾವನವರು ಅಳಲಿಲ್ಲ. ಅವನ ಹೆಸರನ್ನೂ ಎತ್ತಲಿಲ್ಲ. ಅತ್ತೆ ಅತ್ತರು, ಮೂರು ದಿನ ಅತ್ತರು, ನಾಲ್ಕನೆಯ ದಿನ ರಾಟೆಯ ಮುಂದೆ ಕೂತರು. ಕೂತವರು ನನ್ನನ್ನು ಕರೆದು, ಮಡಿಲಿನ ಚೀಲದಿಂದ ಆ ಎರಡನೆಯ ಕಾಗದ ತೆಗೆದು ಕೊಟ್ಟರು.

"ಅವತ್ತು ಅರ್ಧಕ್ಕೆ ನಿಲ್ಲಿಸ್ದಿ. ಈಗ ಕಡೇತನ ಓದು."

ಓದಿದೆ. ಕೊನೆಯಲ್ಲಿ ಹೀಗಿತ್ತು: "ಅಪ್ಪಾಜಿ ನಂಬುವುದಿಲ್ಲ ಎಂದು ಗೊತ್ತು. ಅವರು ಒಂದು ಸಲ ಉಗುರಿನಿಂದ ಮೀಟಿದ್ದರೆ ಸಾಕಿತ್ತು. ನಾನು ಮೀಟಿ ನೋಡಿದೆ ಅವ್ವಾ. ನಮ್ಮ ಮನೆಯ ಗಂಜಿಗಿಂತ ಚೆನ್ನಾಗಿ ಹಿಡಿದಿದೆ."

ಅತ್ತೆ ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು. ಆಮೇಲೆ, "ಇದನ್ನ ನಿಮ್ಮ ಮಾವಾರಿಗೆ ಓದಬ್ಯಾಡ" ಎಂದರು. "ಓದಿದ್ರೆ ಅವ್ರು ಸುಮ್ನೆ ಕಣ್ಣೀರು ಹಾಕ್ತಾರೆ, ಅಷ್ಟೆ. ಅತ್ಬಿಟ್ರೆ ಆತಾ? ಅವ್ರು ನೋಡ್ಬೇಕು. ನೋಡಿ, ಯಾವ ಕಟ್ಟೆ ಮ್ಯಾಲೆ ಸುಳ್ಳು ಅಂದ್ರೋ ಅದೇ ಕಟ್ಟೆ ಮ್ಯಾಲೆ ನಿಜ ಅನ್ಬೇಕು." ಎಲ್ಲಿಯ ಹಾರುವ ಬಂಡಿ, ಎಲ್ಲಿಯ ನಮ್ಮ ಹಳ್ಳಿ! ಮಗ ಹೋದ ದುಃಖಕ್ಕೆ ಏನೋ ಅನ್ನುತ್ತಿದ್ದಾರೆ ಎಂದುಕೊಂಡೆ.

ಯುದ್ಧ ಮುಗಿದು, ದುರ್ಗಕ್ಕೆ ಹೊಸದಾಗಿ ರೈಲೂ ಬಂದಿತ್ತು. ಒಂದು ಸಂಜೆ ಡಂಗುರದವನು ಬಂದ. ದುರ್ಗದಲ್ಲಿ, ಕೋಟೆಯ ಕೆಳಗಿನ ಬಯಲಿನಲ್ಲಿ, ಯುದ್ಧದ ಸಾಮಾನುಗಳನ್ನೆಲ್ಲ ತಂದು ಪ್ರದರ್ಶನಕ್ಕೆ ಇಡುತ್ತಾರಂತೆ. ತೋಪು, ಬಂದೂಕು, ಅದರ ಜೊತೆ ಒಂದು ಹಾರುವ ಯಂತ್ರ. ಬರುವ ಭಾನುವಾರ ದೊಡ್ಡ ದೊಡ್ಡವರಿಗೆ, ಸೋಮವಾರ ಒಂದೇ ದಿನ ಜನಸಾಮಾನ್ಯರಿಗೆ, ಸಂಸಾರ ಸಮೇತ ಬರಬಹುದು. ಡಂಗುರ ಮುಗಿಯುವ ಮುಂಚೆ ಅತ್ತೆ ರಾಟೆ ಬಿಟ್ಟು ಎದ್ದಿದ್ದರು.

ಅವತ್ತಿನಿಂದ ಎಂಟು ದಿನ ನಮ್ಮ ಮನೆಯಲ್ಲಿ ನಡೆದದ್ದು ಒಂದು ದಂಡಯಾತ್ರೆಯ ಸಿದ್ಧತೆ. ಅತ್ತೆಗೆ ಅಕ್ಷರ ಬಾರದು. ಹುಣಸೆ ಬೀಜಗಳನ್ನು ಮಗ್ಗದ ಮನೆಯ ನೆಲದ ಮೇಲೆ ಸಾಲಾಗಿ ಇಟ್ಟರು. ಇದು ನಮ್ಮನೆ, ಇದು ರಾಮಗಿರಿ ಸ್ಟೇಷನ್ನು, ಇದು ಚಿಕ್ಕಜಾಜೂರು, ಅಲ್ಲಿ ಗಾಡಿ ಬದಲಿಸಬೇಕು, ಇದು ದುರ್ಗ. ನಮ್ಮ ಮನೆಯವರನ್ನು ಸ್ಟೇಷನ್ನಿಗೆ ಓಡಿಸಿ ಗಾಡಿ ಯಾವಾಗ ಬರುತ್ತದೆ, ಯಾವಾಗ ವಾಪಸು ಎಂದು ತಿಳಿದುಕೊಂಡರು. ಬುತ್ತಿಗೆ ಎಷ್ಟು ರೊಟ್ಟಿ, ಶೇಂಗಾ ಚಟ್ನಿ ಎಷ್ಟು, ನನ್ನ ಒಂದೂವರೆ ವರ್ಷದ ಮಗಳಿಗೆ ಹಾಲು ಯಾವುದರಲ್ಲಿ, ಪೂಜೆಯಾಗದೆ ತುತ್ತು ಮುಟ್ಟದ ಮಾವನವರು ಎಲ್ಲಿ ಸ್ನಾನ ಮಾಡಬೇಕು, ಎಲ್ಲಿ ಲಿಂಗಪೂಜೆ, ಎಲ್ಲವೂ ಹುಣಸೆ ಬೀಜದ ಮೇಲೆ ತೀರ್ಮಾನವಾಯಿತು. ಮಗು ಬಂದು ಎರಡು ಸಲ ದುರ್ಗವನ್ನು ನುಂಗಲು ನೋಡಿತು. ಬಾಯಿಂದ ತೆಗೆದು ಮತ್ತೆ ಇಟ್ಟೆವು.

ಎಲ್ಲ ಸಿದ್ಧ. ಬರಬೇಕಾದವರು ಮಾತ್ರ ಸಿದ್ಧರಿಲ್ಲ.

"ಕಣ್ಣೇ ಕಾಣಂಗಿಲ್ಲ, ನಾನೇನು ನೋಡ್ಲಿ?" ಎಂದರು ಮಾವ.

"ಕಣ್ಣಿಲ್ದಿದ್ರೆ ಕೈ ಐತಲ್ರೀ."

"ಮೊಣಕಾಲು ನೋವು. ಸ್ಟೇಷನ್ ತನ ನಡಿಯಾಕಾಗಂಗಿಲ್ಲ."

"ಬಂಡಿ ಐತೆ."

ಮಾವನವರು ಗೆದ್ದವರಂತೆ ಮೀಸೆ ತಿರುವಿದರು. "ಸೋಮಾರ ಕಣೇ ಅದು. ಎತ್ತು ಹೂಡಂಗಿಲ್ಲ."

ಅದು ಸುಳ್ಳು ನೆವವಲ್ಲ. ಸೋಮವಾರ ಬಸವಣ್ಣನ ದಿನ. ನಮ್ಮೂರಲ್ಲಿ ಅಂದು ಯಾರೂ ಎತ್ತಿನ ಕೊರಳಿಗೆ ನೊಗ ಇಡುತ್ತಿರಲಿಲ್ಲ. ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಕೈ ಮುಗಿದು ಮೇಯಲು ಬಿಡುವುದು. ಹೊಲದಲ್ಲಿ ಬೆಳೆ ನಿಂತು ಒಣಗಿದರೂ ಸೋಮವಾರ ಸೋಮವಾರವೇ. ಭಾನುವಾರವೇ ಹೋಗಿ ಸ್ಟೇಷನ್ನಿನಲ್ಲಿ ಮಲಗೋಣವೆಂದರೆ ವಾಪಸು ಬರುವುದು ಸೋಮವಾರವೇ ತಾನೆ? ನಮ್ಮ ಮನೆಯವರು ತಲೆ ಕೆರೆದುಕೊಂಡರು. ಅತ್ತೆ ಮಾತ್ರ ಹುಣಸೆ ಬೀಜಗಳನ್ನೇ ನೋಡುತ್ತಾ, "ಎತ್ತು ಹೂಡಬ್ಯಾಡ್ರಿ. ಯಾರು ಹೂಡು ಅಂದ್ರು?" ಎಂದರು. ಯಾರಿಗೂ ಅರ್ಥವಾಗಲಿಲ್ಲ.

ಇನ್ನೊಂದು ಭಯ ನನ್ನನ್ನೂ ನಮ್ಮ ಮನೆಯವರನ್ನೂ ತಿನ್ನುತ್ತಿತ್ತು. ಅಂಚೆಯವನು ಬಂದವನು, ಆ ಯಂತ್ರ ಪೂರಾ ಕಬ್ಬಿಣದ್ದಂತೆ, ರೈಲಿನ ಎರಡು ಡಬ್ಬಿಯಲ್ಲಿ ತಂದರಂತೆ ಎಂದು ಹೇಳಿ ಹೋಗಿದ್ದ. ನಮ್ಮ ಮನೆಯವರು ಮೆಲ್ಲಗೆ ಕೇಳಿದರು. "ಯವ್ವಾ, ಅಷ್ಟು ದೂರ ಹೋಗಿ, ಅದು ಕಬ್ಬಿಣದ್ದೇ ಆಗಿದ್ರೆ? ಅಪ್ಪಾಜಿ ಮುಂದೆ ಅವ್ನು ಇನ್ನೊಂದ್ಸಲ ಸುಳ್ಳಾಗ್ತಾನಲ್ಲ?"

ಅತ್ತೆಯ ಕೈ ರಾಟೆಯ ಮೇಲೆ ನಿಂತಿತು. ಆಕೆಗೂ ಆ ಭಯ ಇತ್ತು. ಆಮೇಲೆ ರಾಟೆ ತಿರುಗಿತು.

"ಸಣ್ಣೋನು ಬಟ್ಟೆ ಅಂದಾನೆ" ಎಂದರು. "ಬಟ್ಟೆ."

ಸೋಮವಾರ ಕೋಳಿ ಕೂಗುವ ಹೊತ್ತಿಗೆ ಎದ್ದೆವು. ಬಾಗಿಲಲ್ಲಿ ನಮ್ಮ ಸಣ್ಣ ಬಂಡಿ ನಿಂತಿತ್ತು, ಹುಲ್ಲು ಹಾಸಿ ಮೇಲೆ ಕಂಬಳಿ ಹೊದಿಸಿತ್ತು. ಎತ್ತುಗಳು ವಿಭೂತಿ ಹಚ್ಚಿಕೊಂಡು ಕೊಟ್ಟಿಗೆಯಲ್ಲೇ ಮೆಲುಕು ಹಾಕುತ್ತಿದ್ದವು. ಮಾವನವರು ಹೊರಗೆ ಬಂದು ಬಂಡಿಯನ್ನು ತಡವಿ, ಎತ್ತಿಲ್ಲವೆಂದು ತಿಳಿದು, ಇನ್ನೇನು ಮನೆಯೊಳಗೆ ತಿರುಗಬೇಕು, ಆಗ ಅತ್ತೆ ಸೀರೆ ಎತ್ತಿ ಕಚ್ಚೆ ಬಿಗಿದು ಬಂದು, ನೊಗದ ಒಂದು ಕಡೆ ಹೆಗಲು ಕೊಟ್ಟರು. ಇನ್ನೊಂದು ಕಡೆಗೆ ಬೆರಳು ತೋರಿಸಿದರು. ನಮ್ಮ ಮನೆಯವರು ಹೋಗಿ ನಿಂತರು.

"ಲೇ! ತಲೆ ಕೆಟ್ಟೈತೇನೇ ನಿನಗೆ?" ಮಾವನವರು ಕಿರುಚಿದರು. "ಊರು ನಗ್ತತೆ!"

"ನಗಾದು ಆಗ್ಲೇ ನಕ್ಕಾತು. ಇನ್ನೊಂದ್ಸಲ ನಗ್ಲಿ. ಹತ್ರಿ ಮ್ಯಾಲೆ."

"ನಾನು ಹತ್ತಂಗಿಲ್ಲ."

"ಹಂಗಾದ್ರೆ ಇಲ್ಲೇ ನಿಂತಿರ್ತೀನಿ. ಬೆಳಕಾಗ್ಲಿ, ಎಲ್ರೂ ಬಂದು ನೋಡ್ಲಿ. ಆಗಂಗಿಲ್ಲ ಅನ್ನಾದು ಆಮ್ಯಾಲೆ ಹೇಳ್ರಿ, ಮೊದ್ಲು ಹತ್ರಿ."

ಆ ಕೊನೆಯ ಮಾತು ಆಕೆಯ ಬಾಯಲ್ಲಿ ಯಾವಾಗಲೂ ಇರುತ್ತಿದ್ದದ್ದು. ಮಗ್ಗ ಮುರಿದರೂ, ಮಗುವಿಗೆ ಜ್ವರ ಬಂದರೂ, ಆಗಂಗಿಲ್ಲ ಅನ್ನಾದು ಆಮ್ಯಾಲೆ. ಬೆಳಕಾಗುವ ಭಯಕ್ಕೆ ಮಾವನವರು ಹತ್ತಿದರು. ನಾನು ಮಗುವನ್ನೂ ಬುತ್ತಿ ಗಂಟನ್ನೂ ಅವರ ಪಕ್ಕ ಇಟ್ಟು ಹಿಂದಿನಿಂದ ತಳ್ಳಿದೆ.

ಕೆರೆ ಏರಿಯ ಬುಡದಲ್ಲಿ ದಾರಿ ಏರು. ಅತ್ತೆಯ ಉಸಿರು ಬಂಡಿಯ ಹಿಂದಿದ್ದ ನನಗೂ ಕೇಳುತ್ತಿತ್ತು. ಒಂದು ಕಡೆ ಕಾಲು ಜಾರಿ ಮೊಣಕಾಲೂರಿದರು, ಎದ್ದರು, ಮತ್ತೆ ಹೆಗಲು ಕೊಟ್ಟರು. ಬಂಡಿಯೊಳಗಿಂದ ಮಾವನವರು "ನಿಲ್ಸು" ಎಂದರು. ಯಾರೂ ನಿಲ್ಲಿಸಲಿಲ್ಲ. "ನಿಲ್ಸೇ ಮಾರಾಯ್ತಿ!" ಎಂದು ಧುಮುಕಿಯೇ ಬಿಟ್ಟರು. ಕುಂಟುತ್ತಾ ಮುಂದೆ ಬಂದು, ಹೆಂಡತಿಯನ್ನು ಪಕ್ಕಕ್ಕೆ ತಳ್ಳಿ, ನೊಗಕ್ಕೆ ತಾವೇ ಹೆಗಲು ಕೊಟ್ಟರು. ಎಂಟು ದಿನದಿಂದ ನರಳುತ್ತಿದ್ದ ಮೊಣಕಾಲು ಎಲ್ಲಿ ಹೋಯಿತೋ! ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಪಕ್ಕ ಬಂದು ಬಂಡಿ ತಳ್ಳತೊಡಗಿದರು. ತುಟಿಯ ಕೊನೆಯಲ್ಲಿ ನಗು ಇತ್ತೋ ಏನೋ, ಕತ್ತಲಲ್ಲಿ ಕಾಣಲಿಲ್ಲ.

ರಾಮಗಿರಿಯ ಸ್ಟೇಷನ್ ಬಾವಿಯಲ್ಲಿ ಮಾವನವರ ಸ್ನಾನ, ಪೂಜೆ ಆಯಿತು. ಬಂಡಿಯನ್ನು ಹುಣಸೆ ಮರದ ಕೆಳಗೆ ಬಿಟ್ಟು ರೈಲು ಹತ್ತಿದೆವು. ನಾನು ರೈಲು ಹತ್ತಿದ್ದು ಅದೇ ಮೊದಲು. ಹೊರಗೆ ನೋಡಿ ನೋಡಿ ಕಣ್ಣಿಗೆ ಇದ್ದಿಲ ಪುಡಿ ಬಿದ್ದು ಕೆಂಪಾಯಿತು. ಅತ್ತೆ ಹೊರಗೆ ನೋಡಲೇ ಇಲ್ಲ. ಮಡಿಲಿನಲ್ಲಿ ಕಾಗದದ ಚೀಲ, ಅದರ ಮೇಲೆ ಕೈ.

ದುರ್ಗದ ಬಯಲಿನಲ್ಲಿ ಜನವೋ ಜನ. ಬೆಟ್ಟದ ಕೋಟೆಯೇ ಇಳಿದು ಬಂದಂತೆ ಒಂದು ದೊಡ್ಡ ತಗಡಿನ ಚಾವಣಿ ಹಾಕಿದ್ದರು. ಒಳಗೆ ತೋಪುಗಳ ಸಾಲು, ಟೋಪಿಗಳು, ಕತ್ತಿಗಳು. ಅತ್ತೆ ಯಾವುದಕ್ಕೂ ನಿಲ್ಲದೆ, ಗಂಡನ ಕೈ ಹಿಡಿದು, ಜನರನ್ನು ಮೊಣಕೈಯಿಂದ ಸರಿಸುತ್ತಾ ನಡೆದರು. ಕೊನೆಯಲ್ಲಿ ಅದು ಇತ್ತು.

ನಾನು ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ನಮ್ಮ ಮನೆಗಿಂತ ಅಗಲ. ಒಂದು ಕಡೆಯ ರೆಕ್ಕೆ ಮುರಿದಿತ್ತು, ಇನ್ನೊಂದು ಕಡೆ ಕೆಳಗೊಂದು ಮೇಲೊಂದು ಎರಡು ರೆಕ್ಕೆ ಚಾಚಿಕೊಂಡಿದ್ದವು. ಮೂತಿಯಲ್ಲಿ ಕಪ್ಪು ಕಬ್ಬಿಣದ ಯಂತ್ರ. ಅದನ್ನು ಕಂಡದ್ದೇ ಅಂಚೆಯವನ ಮಾತು ನೆನಪಾಯಿತು. ರೆಕ್ಕೆಗೆ ಬಣ್ಣ ಬಳಿದಿದ್ದರು, ತಗಡೋ ಬಟ್ಟೆಯೋ ದೂರಕ್ಕೆ ಏನೂ ತಿಳಿಯುವಂತಿರಲಿಲ್ಲ. ಸುತ್ತ ಹಗ್ಗ ಕಟ್ಟಿತ್ತು. ಹಗ್ಗದ ಪಕ್ಕ ದೊಡ್ಡ ಮೀಸೆಯ ಮುದುಕ ಸಿಪಾಯಿ ಕೋಲು ಹಿಡಿದು ನಿಂತಿದ್ದ.

"ಏನೇ ಅದು? ಬೆಳ್ಳಗೆ ಏನೋ ಕಾಣ್ತತೆ" ಎಂದರು ಮಾವ.

ಅತ್ತೆ ಹಗ್ಗ ಎತ್ತಿದರು. ಸಿಪಾಯಿ ಕೋಲು ಅಡ್ಡ ಹಿಡಿದ. "ಹಾತ್ ನಕೋ ಲಗಾವ್ ಅಮ್ಮಾ! ಮುಟ್ಟಂಗಿಲ್ಲ. ದೂರ ನಿಂತು ನೋಡ್ರಿ, ಹುಕುಂ ಐತೆ."

"ನಮ್ಮ ಯಜಮಾನ್ರಿಗೆ ಕಣ್ಣು ಕಾಣಂಗಿಲ್ಲಪ್ಪ. ದೂರ ನಿಂತು ಏನು ನೋಡ್ತಾರೆ?"

"ಎಲ್ರೂ ಹಿಂಗೇ ಅಂದ್ರೆ ನನ್ನ ನೌಕರಿ ಹೋಗ್ತತೆ ಅಮ್ಮಾ."

ಅತ್ತೆ ಆ ಬೆರಳನ್ನು ಎತ್ತಿದರು. "ಕೇಳಿಲ್ಲಿ. ನನ್ನ ಸಣ್ಣ ಮಗ ಲಡಾಯಿಗೆ ಹೋಗಿದ್ದ. ಮಹಾರಾಜರ ಕುದುರೆ ನೋಡ್ಕಂಡಿದ್ದ. ಇಂಥದ್ದನ್ನ ಅಲ್ಲಿ ನೋಡಿ ಕಾಗದ ಬರ್ದಿದ್ದ."

"ಹೌದಾ? ಈಗ ಎಲ್ಲಿದಾನೆ ಹುಡುಗ?"

"ಅಲ್ಲೇ ಐದಾನೆ."

ಸಿಪಾಯಿಗೆ ಅರ್ಥವಾಯಿತು. ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ತಾನೇ ಎರಡು ಕೈಯಿಂದ ಹಗ್ಗ ಎತ್ತಿ ಹಿಡಿದು, ಮುಖ ಆ ಕಡೆ ತಿರುಗಿಸಿ ನಿಂತ.

ಮಾವನವರು ಒಳಗೆ ಹೋದರು. ಕೈ ಮುಂದೆ ಚಾಚಿ ಹೋಗುತ್ತಾ ಕೆಳಗಿನ ರೆಕ್ಕೆಯ ಅಂಚು ತಾಗಿದಾಗ ನಿಂತರು. ಅಂಗೈ ಊರಿದರು. ಅಂಚನ್ನು ಬೆರಳಿನಿಂದ ಸವರುತ್ತಾ ಹೋದರು, ಹೊಲಿಗೆ ಸಿಕ್ಕಿತು, ಅಲ್ಲಿ ಬೆರಳು ನಿಂತಿತು. ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು, ಮಾವ, ಉಗುರಿನಿಂದ ಮೀಟಿ ನೋಡ್ರಿ ಎಂದು. ಅತ್ತೆ ನನ್ನ ಮಣಿಕಟ್ಟು ಹಿಡಿದು ಹಿಚುಕಿದರು. ಬಳೆ ಒತ್ತಿ ಕೈ ಕೆಂಪಾಯಿತು. ಬಾಯಿ ಮುಚ್ಚಿಕೊಂಡೆ.

ಮಾವನವರು ಬಗ್ಗಿ ಮೂಸಿ ನೋಡಿದರು. ನೆಟ್ಟಗಾದರು. ಏನನ್ನೋ ಯೋಚಿಸುವಂತೆ ಕತ್ತು ಓರೆ ಮಾಡಿ, ಕಿವಿ ಹತ್ತಿರ ತಂದು, ಹೆಬ್ಬೆರಳ ಉಗುರಿನಿಂದ ಮೀಟಿದರು.

ಟಣ್.

ತಮಟೆಯ ಮೇಲೆ ಹೊಡೆದಂತೆ ಸದ್ದಾಯಿತು. ಇನ್ನೊಮ್ಮೆ ಮೀಟಿದರು. ಪಕ್ಕಕ್ಕೆ ಸರಿದು ಮತ್ತೊಮ್ಮೆ. ತಕರಾರು ಬಿಡಿಸಲು ಬೇರೆ ಹಳ್ಳಿಗೆ ಹೋದಾಗ ಹೇಗೆ ತೀರ್ಪು ಕೊಡುತ್ತಿದ್ದರೋ ಅದೇ ದನಿಯಲ್ಲಿ, ಯಾರ ಕಡೆಗೂ ನೋಡದೆ ಹೇಳಿದರು: "ಬಟ್ಟೆ. ಗಂಜಿ ಹಾಕ್ಯಾರೆ. ಅಕ್ಕಿದಲ್ಲ, ಬ್ಯಾರೆ ಏನೋ. ಚಲೋ ಹಿಡ್ದೈತೆ. ನಮ್ಮದಕ್ಕಿಂತ ಚಲೋ ಹಿಡ್ದೈತೆ."

ಆಮೇಲೆ ಆ ದೊಡ್ಡ ಮನುಷ್ಯ ರೆಕ್ಕೆಗೆ ಹಣೆ ಹಚ್ಚಿ ನಿಂತುಬಿಟ್ಟರು. ಬೆನ್ನು ಮಾತ್ರ ಅಲುಗುತ್ತಿತ್ತು. ನಮ್ಮ ಮನೆಯವರು ಹೋಗಿ ತಬ್ಬಿಕೊಂಡರು. ಅತ್ತೆ ನನ್ನ ಮಣಿಕಟ್ಟು ಬಿಟ್ಟು ಅಲ್ಲೇ ನೆಲದ ಮೇಲೆ ಕುಸಿದು ಕೂತರು. "ಕಾಲಾಗೆ ಶಕ್ತಿನೇ ಇಲ್ಲ ಕಣೆ" ಎಂದರು. ಎಂಟು ದಿನದಲ್ಲಿ ಮೊದಲ ಬಾರಿಗೆ ಆಕೆ ತನಗೆ ಏನೋ ಆಗುವುದಿಲ್ಲ ಎಂದದ್ದು ಅದೇ.

ಬರುವಾಗ ರೈಲಿನಲ್ಲಿ ಚೀಲದಿಂದ ಕಾಗದ ತೆಗೆದು ನನಗೆ ಕೊಟ್ಟರು. "ಈಗ ಓದು. ಕಡೇ ಸಾಲು." ಓದಿದೆ. ಅವರು ಒಂದು ಸಲ ಉಗುರಿನಿಂದ ಮೀಟಿದ್ದರೆ ಸಾಕಿತ್ತು, ನಮ್ಮ ಮನೆಯ ಗಂಜಿಗಿಂತ ಚೆನ್ನಾಗಿ ಹಿಡಿದಿದೆ. ಮಾವನವರು ಕಾಗದಕ್ಕೆ ಕೈ ಚಾಚಿದರು. ಕಾಣದ ಕಣ್ಣಿನ ಹತ್ತಿರ ಹಿಡಿದರು, ಆಮೇಲೆ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದರು. ರಾಮಗಿರಿ ಬರುವವರೆಗೂ ಅದನ್ನು ವಾಪಸು ಕೊಡಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಊರಬಾಗಿಲು ಮುಟ್ಟಿದೆವು. ನೊಗದ ಒಂದು ಕಡೆ ಅಪ್ಪ, ಒಂದು ಕಡೆ ಮಗ, ಹಿಂದೆ ನಾವಿಬ್ಬರು, ಬಂಡಿಯಲ್ಲಿ ಮಗು ನಿದ್ದೆ. ಕಟ್ಟೆಯ ಮೇಲೆ ಹತ್ತಾರು ಜನ ಕೂತಿದ್ದರು. ಒಬ್ಬರು, "ಏನ್ ಯಜಮಾನ್ರೇ, ಎತ್ತು ಹಾರಿ ಹೋದ್ವಾ?" ಎಂದರು. ಎಲ್ಲರೂ ಘೊಳ್ಳೆಂದು ನಕ್ಕರು.

ಮಾವನವರು ನಿಂತರು. ಹೆಗಲ ಮೇಲಿನ ನೊಗವನ್ನು ಇಳಿಸಲಿಲ್ಲ. ನಗು ತಾನಾಗಿಯೇ ಅಡಗುವವರೆಗೂ ಕಾದರು.

"ಆವತ್ತು ಇಲ್ಲಿ ಕುಂತು ನನ್ನ ಮಗ ಸುಳ್ಳು ಬರ್ದಾನೆ ಅಂದಿದ್ದೆ. ಇವತ್ತು ಹೋಗಿ ಮುಟ್ಟಿ ಬಂದೆ. ನನ್ನ ಮಗ ಬರ್ದಿದ್ದು ನಿಜ. ಅಕ್ಷರ ಅಕ್ಷರನೂ ನಿಜ. ಸುಳ್ಳು ಹೇಳಿದೋನು ನಾನು."

ಕಟ್ಟೆಯಿಂದ ಇಬ್ಬರು ಇಳಿದು ಬಂದು ನೊಗಕ್ಕೆ ಕೈ ಕೊಟ್ಟರು. ಅವರಲ್ಲಿ ಒಬ್ಬರು, ಅಂದು ಅಂಗಳದಲ್ಲಿ ಪಂಚೆ ಹಿಡ್ಕಳ್ರಪ್ಪ ಎಂದಿದ್ದವರೇ. ಮನೆ ಬಾಗಿಲವರೆಗೂ ಎಳೆದುಕೊಂಡು ಬಂದು ಬಿಟ್ಟು, ಒಂದು ಚೊಂಬು ನೀರು ಕುಡಿದು ಹೋದರು.

ಮಾವನವರು ಆಮೇಲೆ ಆರು ವರ್ಷ ಇದ್ದರು. ಸಣ್ಣೋನ ಹೆಸರು ದಿನಕ್ಕೊಮ್ಮೆಯಾದರೂ ಅವರ ಬಾಯಲ್ಲಿ ಬರುತ್ತಿತ್ತು. ಅತ್ತೆ ಅವರಿಗಿಂತ ಹತ್ತು ವರ್ಷ ಹೆಚ್ಚು ಬದುಕಿದರು. ನಾನು ಊರಿನ ಕಾಗದಗಳನ್ನೆಲ್ಲ ಓದುವವಳು, ಬರೆಯುವವಳು ಆದದ್ದು ಆಕೆಯಿಂದಲೇ. ಯಾರೇ ಕಾಗದ ಹಿಡಿದು ಬಂದರೂ ನನ್ನನ್ನು ಕೆಲಸ ಬಿಡಿಸಿ ಕೂರಿಸುತ್ತಿದ್ದರು, "ಪೂರ್ತಿ ಓದು" ಎಂಬುದೊಂದೇ ಅಪ್ಪಣೆ. ನಾನು ನಕ್ಕದ್ದನ್ನು ಒಂದು ದಿನವೂ ಎತ್ತಿ ಆಡಲಿಲ್ಲ. ಎತ್ತಿ ಆಡಿದ್ದರೆ ನನಗೆ ಇಷ್ಟು ಭಾರವಾಗುತ್ತಿರಲಿಲ್ಲ.

ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಆ ಬೆರಳನ್ನು ಎತ್ತಿದರು. ಎಲುಬು ಚರ್ಮ ಮಾತ್ರ ಉಳಿದಿತ್ತು, ಗೀರು ಹಾಗೇ ಇತ್ತು. ಕಾಗದ ಓದಬೇಕಂತೆ. ಮಡಿಕೆ ಮಡಿಕೆಯಲ್ಲೂ ಹರಿದು ಹೋಗಿದ್ದ ಅದನ್ನು ತೊಡೆಯ ಮೇಲೆ ಹರವಿಕೊಂಡು ಓದಿದೆ. ಆಕಾಶದಲ್ಲಿ ಹಾರುವ ಬಂಡಿ, ಮರದ ಚೌಕಟ್ಟಿಗೆ ಬಟ್ಟೆ, ಹಾಸುನೂಲಿಗೆ ಹಾಕುವ ಹಾಗೆ ಗಂಜಿ. ಅಷ್ಟಕ್ಕೆ ಅತ್ತೆಯ ಮೈಯೆಲ್ಲ ಅಲುಗಿತು. ಗಾಬರಿಯಾಗಿ ನೋಡಿದೆ. ನಗುತ್ತಿದ್ದರು. ಹಲ್ಲಿಲ್ಲದ ಬಾಯಿ ತುಂಬ ನಗುತ್ತಿದ್ದರು.

"ಬಟ್ಟೆ ಹಾರ್ತತಂತೆ ಕಣೇ!" ಎಂದರು. "ಆವತ್ತೇ ನನಗೂ ನಗು ಬಂದಿತ್ತು. ತಡ್ಕಂಡಿದ್ದೆ. ನಾನೂ ನಕ್ಬಿಟ್ರೆ ನನ್ನ ಮಗನ ಕಡೆ ಯಾರು ಇರ್ತಿದ್ರು ಹೇಳು?"

ನಗುತ್ತಲೇ ಕಣ್ಣು ಒರೆಸಿಕೊಂಡರು. ನಾನು ಓದುವುದನ್ನು ನಿಲ್ಲಿಸಲಿಲ್ಲ. ಉಗುರಿನಿಂದ ಮೀಟಿದ ಸಾಲನ್ನೂ, ಅದರ ಕೆಳಗಿನ ಅವನ ರುಜುವನ್ನೂ ಓದಿ ಮುಗಿಸಿದೆ. ಮೂರನೆಯ ದಿನ ಅತ್ತೆ ಹೋದರು.